ಮುಯ್ಯಿಗೆ ಬಂದವಳು

ಜರ್ಮನಿ
20 ಅಕ್ಟೋಬರ್ 2024

ಅಪ್ಪನಿಗೆ,

ಫೋನನ್ನು ಕಟ್ ಮಾಡಿದಿರಿ. ಮಾಡಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹೆಚ್ಚೆಂದರೆ ಹರಿಯಬಹುದು; ಹರಿಯುವ ಮೊದಲು ಕಣ್ಣು ಒಂದೆರಡು ಸಾಲನ್ನಾದರೂ ಓದಿಯೇ ಬಿಡುತ್ತದೆ. ಆನೇಮಹಲ್ ಬಸ್‌ಸ್ಟಾಪಿನಲ್ಲಿ ಅಷ್ಟು ಜನರ ಮುಂದೆ ಕೈ ಎತ್ತಿ, "ಇವತ್ತಿಂದ ನಿನ್ ದನಿ ಈ ಕಿವಿಗೆ ಬೀಳ್ಕೂಡ್ದು ಕಣೇ!" ಎಂದು ಗರ್ಜಿಸಿದಿರಲ್ಲ, ಆ ಶಪಥವನ್ನು ನಾನು ಮುರಿಯುತ್ತಿಲ್ಲ. ಇದು ದನಿಯಲ್ಲ, ಶಾಯಿ. ಅಮ್ಮ ಭಾನುವಾರ ಭಾನುವಾರ ಫೋನಿನಲ್ಲಿ ಸಿಗುತ್ತಾಳೆ. ನಮ್ಮಿಬ್ಬರ ನಡುವೆ ಅವಳನ್ನು ಅಂಚೆಪೇದೆ ಮಾಡಲು ನನಗೆ ಇಷ್ಟವಿಲ್ಲ.

ಬಾಯಲ್ಲಿ ನೀನು ಅನ್ನುತ್ತಿದ್ದವಳು ಇಲ್ಲಿ ನೀವು ಎಂದು ಬರೆಯುತ್ತಿದ್ದೇನೆ. ಗೌರವವೆಂದು ಹಿಗ್ಗಬೇಡಿ. ದೂರ.

ನಿಮ್ಮ ಕೋಪದ ಕಾರಣ ನನಗೆ ಗೊತ್ತು. ಮಗಳು ಮಣ್ಣಿನ ವಿಜ್ಞಾನ ಓದಲು ಸಮುದ್ರ ದಾಟಿದಳು ಎಂದಲ್ಲ. ನಾಟಕಕ್ಕೆ ಐದು ವಾರ ಇರುವಾಗ ನಿಮ್ಮ ಪ್ರಾಂಪ್ಟರ್ ಎದ್ದುಹೋದಳು ಎಂದು. ಹತ್ತನೇ ವಯಸ್ಸಿನಿಂದ ಹನ್ನೆರಡು ವರ್ಷ ಸೈಡ್‌ವಿಂಗಿನಲ್ಲಿ ಕೂತು ನಿಮ್ಮ ಚಂಡಸೇನ ಮಹಾರಾಜನಿಗೆ ಮಾತು ಹೇಳಿಕೊಟ್ಟೆ. ಚಪ್ಪಾಳೆ ಕಿರೀಟಕ್ಕೆ, ಸೊಳ್ಳೆ ನನಗೆ.

ಇಲ್ಲಿಯ ಸುದ್ದಿ ಕೇಳಿ. ಮೊದಲ ತರಗತಿಯಲ್ಲಿ ಪ್ರೊಫೆಸರ್ ಒಳಗೆ ಬಂದರು. ನಾನು ಎದ್ದು ನಿಂತೆ. ನಾನೊಬ್ಬಳೇ! ಏನೋ ಕೇಳುವುದಿದೆ ಎಂದುಕೊಂಡು ಆ ಮನುಷ್ಯ ಕಾದರು, ನಾನು ಕೂರಲು ಅಪ್ಪಣೆಯಾಗಲಿ ಎಂದು ಕಾದೆ. ಹಿಂದೆ ಯಾರೋ ಕಿಸಕ್ಕೆಂದರು. ಹಾಸ್ಟೆಲಿನಲ್ಲಿ ಹನ್ನೆರಡು ಜನಕ್ಕೆ ಒಂದೇ ಅಡುಗೆಮನೆ. ನನ್ನ ತಟ್ಟೆ ತೊಳೆಯುವಾಗ ಪಕ್ಕದಲ್ಲಿದ್ದ ಎರಡು ಪಾತ್ರೆಯನ್ನೂ ತೊಳೆದಿಟ್ಟೆ. ಮಾರನೇ ದಿನ ನನ್ನ ಬಾಗಿಲಿಗೆ ಹಳದಿ ಚೀಟಿ: "ದಯವಿಟ್ಟು ನನ್ನ ವಸ್ತುಗಳನ್ನು ಮುಟ್ಟಬೇಡಿ." ಸಹಿ ಇಲ್ಲ. ಈಗ ಹನ್ನೊಂದು ಮುಖಗಳಲ್ಲಿ ಯಾವುದನ್ನು ನೋಡಿದರೂ ಇವಳೇ ಇರಬೇಕು ಅನ್ನಿಸುತ್ತದೆ.

ಹೆದರಿ ಓಡಿಬರುತ್ತಾಳೆ ಎಂದು ಕಾಯಬೇಡಿ. ಸೇರಿದ ದಿನ ಒಂಬತ್ತು ಕಾಗದಗಳಿಗೆ ಸಹಿ ಹಾಕಿಸಿದರು. ನೀವು ಪಹಣಿ ಓದುವ ಹಾಗೆ ಬೆರಳಿಟ್ಟು ಒಂದೊಂದನ್ನೂ ಓದಿದೆ. ಬೇರೆಯವರು ಬರೆದದ್ದನ್ನು ನನ್ನದೆಂದು ಕೊಡುವುದಿಲ್ಲ ಎಂಬುದೂ ಒಂದಿತ್ತು. ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ನಕ್ಕು ಸಹಿ ಹಾಕಿದೆ. ನಾನು ಇಲ್ಲಿರಲು ಬಂದಿದ್ದೇನೆ.

ಹೇಮಶ್ರೀ


ಆನೇಮಹಲ್
12 ನವೆಂಬರ್ 2024

ಎಲೌ ಹೇಮಶ್ರೀ,

ನಿನ್ನ ಕಾಗದ ಬಂತು. ಹರಿಯಲಿಲ್ಲ. ಹರಿದರೆ ನಿನಗೆ ಗೆಲುವು, ಅದನ್ನು ನಾನು ಕೊಡುವವನಲ್ಲ.

ಕೇಳು! ನೀನಿಲ್ಲದೆ ನಾಟಕ ನಿಲ್ಲಲಿಲ್ಲ. ಒಂಬತ್ತನೇ ತಾರೀಕು ಶಾಲೆಯ ಮೈದಾನದಲ್ಲಿ ಸಾವಿರ ಜನ. ಮೂರನೇ ಅಂಕದಲ್ಲಿ ನಾನು ಗದೆ ಎತ್ತಿ ನಿಂತಾಗ ಸೂಜಿ ಬಿದ್ದರೂ ಕೇಳಿಸಬೇಕು, ಅಂಥ ಮೌನ. ಹಾರ್ಮೋನಿಯಂ ಗುಂಡಯ್ಯನೇ ಮಾತೂ ಹೇಳಿಕೊಟ್ಟ. ಮಾರನಹಳ್ಳಿಯಿಂದ ಬಂದವರು ಇನ್ನೂ ಅದನ್ನೇ ಮಾತಾಡುತ್ತಿದ್ದಾರೆ. ಹೀಗಾಗಿ ನಿನ್ನ ಸೈಡ್‌ವಿಂಗಿನ ಸೊಳ್ಳೆಗಳಿಗೆ ನೀನು ಕ್ಷಮೆ ಕೇಳಬೇಕಾಗಿಲ್ಲ, ಅವು ಗುಂಡಯ್ಯನಲ್ಲಿ ಸುಖವಾಗಿವೆ.

ಚೀಟಿ ಅಂಟಿಸಿದರಂತೆ, ತಟ್ಟೆ ತೊಳೆದದ್ದಕ್ಕೆ! ಭಲೆ! ಇಂಥವರ ಬಳಿ ವಿದ್ಯೆ ಕಲಿಯಲು ಹೋದೆ. ಇಲ್ಲಿ ಅರೇಬಿಕಾ ಹಣ್ಣಾಗಿ ಕೊಯ್ಲು ಶುರುವಾಗಿದೆ. ದೊಡ್ಡ ಎಸ್ಟೇಟಿನವರಿಗೆ ಲೈನ್‌ಮನೆಗಳಲ್ಲಿ ಇಟ್ಟುಕೊಂಡ ಆಳುಗಳಿದ್ದಾರೆ. ಮೂರು ಎಕರೆಯವರಾದ ನಮಗೆ ಮುಯ್ಯಿಯೇ ಗತಿ: ಈ ವಾರ ಅವರೆಲ್ಲ ನಮ್ಮ ತೋಟಕ್ಕೆ, ಬರುವ ವಾರ ನಾವು ಅವರ ತೋಟಕ್ಕೆ. ಮೊನ್ನೆ ಬೆಟ್ಟಮ್ಮ ಬುಟ್ಟಿ ಇಳಿಸಿ ಏನೆಂದಳು ಗೊತ್ತೇ? "ಹೇಮಿ ಇಲ್ದೆ ಸಾಲೇ ಮುಂದುಕ್ ಹೋಗಲ್ಲ ಕಣಪ್ಪ. ಅವ್ಳ್ ಬೈತಿದ್ರೆ ಕೈ ತಾನಾಗೇ ಓಡದು." ನಾನು ಹೇಳಿದೆ, "ಅವಳು ಈಗ ಬಿಳಿಯರನ್ನ ಬಯ್ಯೋಕೆ ಹೋಗವ್ಳೆ."

ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರಿಸು. ಮುಟ್ಟಬೇಡಿ ಎಂದು ಚೀಟಿ ಅಂಟಿಸುವ ಊರಿನಲ್ಲಿ ನಿನ್ನ ತಲೆಯ ಮೇಲೆ ಹೊರೆ ಬಿದ್ದಾಗ ಯಾರು ಮುಯ್ಯಿಗೆ ಬರುತ್ತಾರೆ? ಉತ್ತರ ಇಲ್ಲದಿದ್ದರೆ ಬರೆಯಬೇಡ.

ರಂಗಸ್ವಾಮಿ


ಜರ್ಮನಿ
8 ಡಿಸೆಂಬರ್ 2024

ಅಪ್ಪನಿಗೆ,

ಉತ್ತರ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಹೆಸರು ಓಯುನಾ. ಮಂಗೋಲಿಯಾದವಳು, ಕುರಿ ಮೇಯಿಸುವವರ ಮಗಳು. ನನಗಿಂತ ಒಂದು ವರ್ಷ ಮೊದಲು ಬಂದವಳು, ಒಂದು ಪರೀಕ್ಷೆಯಲ್ಲಿ ಬಿದ್ದು ಈಗ ನಮ್ಮ ಜೊತೆ ಕೂರುತ್ತಾಳೆ. ಆ ಹನ್ನೊಂದು ಮುಖಗಳಲ್ಲಿ ನನ್ನನ್ನು ನೋಡಿ "ಊಟ ಆಯಿತಾ" ಎಂದು ಕೇಳಿದ ಒಂದೇ ಮುಖ. ಅವರ ಕಡೆ ಕುರಿಯ ತುಪ್ಪಟ ಕತ್ತರಿಸುವಾಗ ಒಂದು ಗುಡಾರದವರು ಇನ್ನೊಂದು ಗುಡಾರಕ್ಕೆ ಹೋಗುತ್ತಾರಂತೆ. "ಇದಕ್ಕೆ ನಮ್ಮಲ್ಲಿ ಮುಯ್ಯಿ ಎನ್ನುತ್ತಾರೆ" ಎಂದೆ. ಆ ಪದ ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತದೆ!

ಜನವರಿಗೆ ನಾನು ಗುಂಡಿ ತೋಡಿ ಮಣ್ಣಿನ ಪದರಗಳನ್ನು ನೋಡಿ ದೊಡ್ಡ ವರದಿ ಬರೆದುಕೊಡಬೇಕು. ನನಗೆ ಲೆಕ್ಕ ಬರುತ್ತದೆ, ಅಂಥ ಬರಹ ಬರುವುದಿಲ್ಲ. ಅವಳಿಗೆ ಬರಹ ನೀರು ಕುಡಿದ ಹಾಗೆ, ಅಂಕಿ ಅಂದರೆ ಜ್ವರ. "ನನ್ನ ವರದಿ ನೀನು ಬರಿ, ಬೇಸಿಗೆಯಲ್ಲಿ ನಿನ್ನ ಅಂಕಿಅಂಶದ ಕೆಲಸ ನಾನು ಮಾಡುತ್ತೇನೆ" ಎಂದೆ. ಹೆದರಿದಳು ಪಾಪ. "ಮಾಡಬಹುದಾ?" ಎಂದಳು. ಮುಯ್ಯಿಯಲ್ಲಿ ತಪ್ಪೇನು ಬಂತು ಎಂದು ಎರಡು ದಿನ ಹೇಳಿ ಹೇಳಿ ಒಪ್ಪಿಸಿದೆ. ಸಾಲು ಹಂಚುವುದು ನನ್ನ ಹುಟ್ಟುಗುಣವಲ್ಲವೇ! ಕೇಳಿಸಿತೇ ಮಹಾರಾಜ? ಈ ಊರಿನಲ್ಲೂ ನನ್ನ ಹೊರೆಗೆ ಹೆಗಲು ಕೊಡುವವರಿದ್ದಾರೆ.

ಇನ್ನು ನಿಮ್ಮ ಸೂಜಿ ಬಿದ್ದರೆ ಕೇಳಿಸುವ ಮೌನದ ವಿಷಯ. ನನ್ನ ಗೆಳತಿ, ಮಾರನಹಳ್ಳಿಯ ಶೃತಿ ಮುಂದಿನ ಸಾಲಿನಲ್ಲೇ ಕೂತಿದ್ದಳು, ಫೋನಿನಲ್ಲಿ ಎಲ್ಲ ಹೇಳಿದಳು. ಮಹಾರಾಜರು ಗದೆ ಎತ್ತಿದವರು ಮಾತು ಮರೆತು ಎತ್ತಿಯೇ ನಿಂತಿದ್ದರಂತೆ. ಜನ ಶಿಳ್ಳೆ ಹೊಡೆದರಂತೆ. ಹೊಗಳಿಕೆಯನ್ನು ಕಾಗದದ ಮೇಲೆ ನೀವೇ ಬರೆದುಕೊಂಡರೆ ಚಪ್ಪಾಳೆಯನ್ನು ಯಾರು ತಟ್ಟಬೇಕು?

ಹೇಮಶ್ರೀ


ಆನೇಮಹಲ್
2 ಜನವರಿ 2025

ಶೃತಿಗೆ ಕಣ್ಣು ಕಾಣಿಸುವುದಿಲ್ಲ. ನಿನಗೆ ನಾಲಿಗೆ ಹೆಚ್ಚಾಗಿದೆ. ಇನ್ನು ಬರೆಯಬೇಡ.

ರಂ.


ಜರ್ಮನಿ
6 ಫೆಬ್ರವರಿ 2025

ತೀರ್ಥರೂಪ ತಂದೆಯವರ ಪಾದಗಳಿಗೆ ಹೇಮಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಬರೆಯಬೇಡ ಎಂದಿದ್ದಿರಿ. ಬರೆಯುತ್ತಿದ್ದೇನೆ, ಕ್ಷಮಿಸಿ. ಹಿಂದಿನ ಕಾಗದದಲ್ಲಿ ನಾಟಕದ ಬಗ್ಗೆ ಆಡಬಾರದ ಮಾತಾಡಿದೆ. ಅದನ್ನೂ ಕ್ಷಮಿಸಿ. ಅಮ್ಮನಿಗೆ ಈ ವಿಷಯ ಹೇಳಿಲ್ಲ, ನೀವೂ ಹೇಳಬೇಡಿ.

ಇಲ್ಲಿ ಒಂದು ತೊಂದರೆಯಾಗಿದೆ. ನಾನು ಕೊಟ್ಟ ವರದಿಯ ಕಂಪ್ಯೂಟರ್ ಕಡತದಲ್ಲಿ ಬರೆದವರ ಹೆಸರು ಎಂಬಲ್ಲಿ ಓಯುನಾ ಎಂದು ಇತ್ತಂತೆ. ಇಬ್ಬರನ್ನೂ ಕರೆದು ವಿಚಾರಿಸಿದರು. ಇಲ್ಲಿ ಇದನ್ನು ವಂಚನೆ ಎನ್ನುತ್ತಾರೆ. ಮಾರ್ಚ್ ಹದಿನೆಂಟಕ್ಕೆ ಸಮಿತಿ ಸೇರುತ್ತದೆ. ತಪ್ಪು ನನ್ನದೆಂದಾದರೆ ನನ್ನ ಸೀಟು ಹೋಗುತ್ತದೆ.

ನಾನು ಹೊಸಬಳು, ಇಲ್ಲಿಯ ನಿಯಮ ತಿಳಿದಿರಲಿಲ್ಲ. ಓಯುನಾ ಹಳಬಳು. ಹೀಗೆ ಮಾಡಿದರೆ ಇಲ್ಲಿ ಯಾರೂ ಏನೂ ಅನ್ನುವುದಿಲ್ಲ ಎಂದು ಅವಳೇ ಹೇಳಿದಳು, ನಾನು ನಂಬಿದೆ. ಸಮಿತಿಗೆ ಹಾಗೆಯೇ ಬರೆದುಕೊಟ್ಟಿದ್ದೇನೆ. ಅವಳನ್ನು ಬಹುಶಃ ಕಳಿಸಿಬಿಡುತ್ತಾರೆ, ಆಗಲೇ ಒಮ್ಮೆ ಫೇಲಾದವಳು. ನನ್ನನ್ನು ಉಳಿಸಿಕೊಳ್ಳುವ ದಾರಿ ಇದೆ.

ನೀವು ಒಂದು ಪತ್ರ ಬರೆದುಕೊಡಬೇಕು. ನಮ್ಮ ಊರಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರು ಮಾಡಿಕೊಡುವುದು ಪದ್ಧತಿ, ಅದಕ್ಕೆ ಮುಯ್ಯಿ ಎನ್ನುತ್ತಾರೆ, ನನ್ನ ಮಗಳು ಹುಟ್ಟಿದಾಗಿನಿಂದ ಅದನ್ನೇ ಕಂಡವಳು, ಅದು ತಪ್ಪೆಂದು ಅವಳಿಗೆ ಯಾರೂ ಹೇಳಿಲ್ಲ ಎಂದು. ಬೆಟ್ಟಮ್ಮ, ಗುಂಡಯ್ಯ ಎಲ್ಲರ ಸಹಿ ಇರಲಿ. ಕನ್ನಡದಲ್ಲೇ ಇದ್ದರೂ ಸಾಕು. ಇದು ಸುಳ್ಳಲ್ಲವಲ್ಲ ಅಪ್ಪ? ಹನ್ನೆರಡು ವರ್ಷ ನಿಮ್ಮ ಬಾಯಿಂದ ಬಂದ ಮಾತು ನನ್ನ ಬಾಯಿಂದ ಹೊರಟದ್ದೇ ಆಗಿತ್ತು. ಅದು ಕಳ್ಳತನವಾಗಿತ್ತೇ?

ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಊರಿನಿಂದ ಪತ್ರ ಬರುತ್ತಿದೆ ಎಂದು ಸಮಿತಿಗೆ ತಿಳಿಸಿದ್ದೇನೆ.

ನಿಮ್ಮ ಮಗಳು,
ಹೇಮ


ಆನೇಮಹಲ್
22 ಫೆಬ್ರವರಿ 2025

ಹೇಮಶ್ರೀ,

ಸಾಷ್ಟಾಂಗ ನಮಸ್ಕಾರ ಎಂದು ಓದಿದ ಕೂಡಲೇ ಕಾಗದ ಹಿಡಿದು ಅಂಗಳಕ್ಕೆ ಎದ್ದುಹೋದೆ. ನನ್ನ ಮಗಳು ಬೈದರೆ ಕ್ಷೇಮವಾಗಿದ್ದಾಳೆ ಎಂದರ್ಥ. ಕಾಲಿಗೆ ಬಿದ್ದರೆ ಏನೋ ಕೆಡಿಸಿಕೊಂಡಿದ್ದಾಳೆ.

ಆದರೂ ಬರೆಯಲು ಕೂತೆ. ಸುಳ್ಳೇಕೆ ಹೇಳಲಿ, ಅರ್ಧ ಪುಟ ಬರೆದೂ ಇದ್ದೆ. ರೋಬಸ್ಟಾ ಕೊಯ್ಲಿಗೆ ಎಲ್ಲರೂ ನಮ್ಮ ತೋಟದಲ್ಲೇ ಇದ್ದರು. ಹತ್ತು ಗಂಟೆಯ ಕಾಫಿಗೆ ಕೂತಾಗ ಗುಂಡಯ್ಯ, ಬೆಟ್ಟಮ್ಮ ಇಬ್ಬರನ್ನೇ ಪಕ್ಕಕ್ಕೆ ಕರೆದು, ಯಾರಿಗೂ ಹೇಳಬೇಡಿ ಎಂದು ವಿಷಯ ತಿಳಿಸಿ ಸಹಿ ಕೇಳಿದೆ. ನಿನ್ನಮ್ಮ ತಿಂಡಿ ತರಲು ಮನೆಗೆ ಹೋಗಿದ್ದಳು.

ಗುಂಡಯ್ಯ ಪೆನ್ನು ತೆಗೆದೇ ಬಿಟ್ಟ. "ಹಾಕ್ಬುಡಣ ತಕಾ ಮಾರಾಯ. ಒಂದ್ ಸಯ್ಯಿಗೆ ಯಾವ್ ಗಂಟು ಹೋಯ್ತದೆ? ಮಗಾ ಓದ್ಕಳ್ಳಿ."

ಬೆಟ್ಟಮ್ಮ ಲೋಟ ಕೆಳಗಿಟ್ಟಳು. "ಅದ್ಸರಿ. ಹೇಮಿ ಕೆಲ್ಸುಕ್ಕೆ ಅಂತ ಬಂದಿತ್ತಲ್ಲ, ಆ ಇನ್ನೊಂದ್ ಹೆಣ್ ಮಗಾ, ಅದ್ರ ಗತಿ ಏನು?"

"ಅದನ್ನ ಕಳಿಸ್ಬುಡ್ತಾರಂತೆ" ಎಂದೆ.

"ಯಾರ್ ಕರ್ದಿದ್ದು ಅದನ್ನ?"

"ಹೇಮಿ ಕರೀಲಿಲ್ವಂತೆ. ಅದೇ ಇವಳಿಗೆ ಹೇಳ್ಕೊಡ್ತಂತೆ."

ಬೆಟ್ಟಮ್ಮ ನಕ್ಕುಬಿಟ್ಟಳು. "ಹೇಮಿಗಾ? ಹೇಮಿಗೆ ಇನ್ನೊಬ್ರು ಹೇಳ್ಕೊಡದು ಅಂದ್ರೆ ಮಳೆ ಕೆಳಗಿಂದ ಮೇಲಕ್ ಹುಯ್ದಂಗೆ. ಎಂಟ್ ವರ್ಸಕ್ಕೇ ನಮಗೆಲ್ಲ ಸಾಲ್ ಹಂಚ್ತಿದ್ದೋಳು ಕಣಯ್ಯ ಅವ್ಳು. ಮಗ್ಳು ಏನ್ ಬರ್ದವ್ಳೆ ಅಂತ ಸರ್ಯಾಗ್ ಓದ್ದಾ ನೀನು?"

ಮನೆಗೆ ಬಂದೆ. ನಿನ್ನ ಕಾಗದಗಳನ್ನು ತೆಗೆದೆ. ಹೌದು, ಇಟ್ಟಿದ್ದೇನೆ, ಅದಕ್ಕೆ ಬೇರೆ ಅರ್ಥ ಕಟ್ಟಬೇಡ. ಅಕ್ಟೋಬರಿನಲ್ಲಿ ಒಂಬತ್ತು ಕಾಗದ ಬೆರಳಿಟ್ಟು ಓದಿದೆ, ನಕ್ಕು ಸಹಿ ಹಾಕಿದೆ ಎನ್ನುತ್ತೀಯ. ಡಿಸೆಂಬರಿನಲ್ಲಿ ಹೆದರಿದವಳನ್ನು ಎರಡು ದಿನ ಹೇಳಿ ಹೇಳಿ ಒಪ್ಪಿಸಿದೆ ಎನ್ನುತ್ತೀಯ. ಫೆಬ್ರವರಿಯಲ್ಲಿ? "ಅವಳೇ ಹೇಳಿದಳು, ನಾನು ನಂಬಿದೆ!" ಛೀ! ಮೂರೂ ಒಂದೇ ಕೈಯ ಅಕ್ಷರ.

ಮುಯ್ಯಿ ಎಂದೆಯಲ್ಲ, ಕೇಳು. ನಮ್ಮ ತೋಟದಲ್ಲಿ ಯಾರು ಕೊಯ್ಯುತ್ತಿದ್ದಾರೆ ಎಂದು ರಸ್ತೆಯಲ್ಲಿ ಹೋಗುವ ಬಸ್ಸಿನವನಿಗೂ ಕಾಣುತ್ತದೆ. ನಾನು ನಿನ್ನ ಬಾಯಿಂದ ಮಾತು ಎತ್ತಿಕೊಂಡೆ, ನಿಜ. ಸೈಡ್‌ವಿಂಗಿನಲ್ಲಿ ಪ್ರಾಂಪ್ಟರ್ ಕೂತಿದ್ದಾಳೆ ಎಂದು ಸಾವಿರ ಜನಕ್ಕೂ ಗೊತ್ತಿತ್ತು, ಕರಪತ್ರದಲ್ಲಿ ನಿನ್ನ ಹೆಸರೇ ಅಚ್ಚಾಗಿತ್ತು. ನೀನು ಓಯುನಾಳ ಹೆಸರನ್ನು ಎಲ್ಲಿ ಅಚ್ಚು ಹಾಕಿದೆ? ಬಚ್ಚಿಟ್ಟುಕೊಂಡು ಮಾಡಿಸಿದ್ದು ಮುಯ್ಯಿಯಲ್ಲ.

ಅದಾದರೂ ಹಾಳಾಗಲಿ, ಹುಡುಗುಬುದ್ಧಿ. ಇನ್ನೊಂದನ್ನು ಮಾತ್ರ ನುಂಗಲಾರೆ. ಮುಯ್ಯಿಗೆ ಬಂದವರ ಮೇಲೆ ಹೆಜ್ಜೇನು ಎದ್ದರೆ ತೋಟದವನು ಮೊದಲು ಓಡುವಂತಿಲ್ಲ. ನನ್ನ ಬಲಗಿವಿ ಮೂರು ದಿನ ಹಲಸಿನ ತೊಳೆಯಂತೆ ಊದಿತ್ತಲ್ಲ, ಆಗ ನೀನು ಆರನೇ ಕ್ಲಾಸು. ಬೆಟ್ಟಮ್ಮನಿಗೆ ಕಂಬಳಿ ಹೊದಿಸಿ ಹೊತ್ತು ತಂದದ್ದಕ್ಕೆ ಊದಿದ್ದು ಅದು. ಯಾರೂ ನನ್ನನ್ನು ಶೂರ ಎನ್ನಲಿಲ್ಲ. ಎನ್ನುವಂಥದ್ದೇನೂ ಅಲ್ಲ, ಅದು ರೀತಿ. ಆ ಕುರಿಯವರ ಮಗಳು ನಿನ್ನ ಹೊಲದಲ್ಲಿ ದುಡಿದು ಹೋದಳು. ನೀನು ಇನ್ನೂ ಅವಳ ಹೊಲಕ್ಕೆ ಕಾಲೇ ಇಟ್ಟಿಲ್ಲ. ಜೇನು ಎದ್ದ ಕೂಡಲೇ ಅವಳನ್ನೇ ಮುಂದಕ್ಕೆ ತಳ್ಳಿದೆ!

ಸಹಿ ಇಲ್ಲ. ನನ್ನದೂ ಇಲ್ಲ, ಊರಿನದೂ ಇಲ್ಲ.

ಅದರ ಬದಲು ನಿನ್ನ ಅಕ್ಟೋಬರ್, ಡಿಸೆಂಬರಿನ ಕಾಗದಗಳನ್ನೇ ಇದರೊಳಗೆ ಇಟ್ಟು ಕಳಿಸುತ್ತಿದ್ದೇನೆ. ಕಾಲೇಜಿಗಲ್ಲ, ನಿನಗೆ. ಸಮಿತಿಗೆ ತೋರಿಸುವೆಯೋ, ಒಲೆಗೆ ಹಾಕುವೆಯೋ ನಿನ್ನಿಷ್ಟ.

ಮೂರನೇ ಅಂಕದಲ್ಲಿ ನಾನು ಮಾತು ಮರೆತದ್ದು ನಿಜ. ಗುಂಡಯ್ಯ ಬೇರೆ ಯಾವುದೋ ಅಂಕದ ಪುಟ ತೆರೆದುಕೊಂಡಿದ್ದ. ಗದೆ ಕೆಳಗಿಟ್ಟು, "ಮರೆತಿದ್ದೇನೆ, ತಡೀರಿ" ಎಂದು ಜನಕ್ಕೆ ಹೇಳಿದೆ. ಶಿಳ್ಳೆ ಹೊಡೆದರು. ಸಾಯಲಿಲ್ಲ ನಾನು.

ರಂಗಸ್ವಾಮಿ


ಜರ್ಮನಿ
19 ಮಾರ್ಚ್ 2025

ರಂಗಸ್ವಾಮಿಯವರಿಗೆ,

ಅಪ್ಪ ಎಂದು ಬರೆಯಲು ಕೈ ಬರುತ್ತಿಲ್ಲ. ಮಗಳು ಮುಳುಗುತ್ತಿದ್ದೇನೆ ಎಂದು ಕೂಗಿದರೆ ದಡದಿಂದ ಕಲ್ಲು ಎಸೆದವರು ನೀವು. ನಿಮಗೆ ನನ್ನ ಸೀಟಿಗಿಂತ ಗುರುತು ಪರಿಚಯವಿಲ್ಲದ ಹುಡುಗಿ ಹೆಚ್ಚಾದಳು. ಬೆಟ್ಟಮ್ಮನ ಎರಡು ಮಾತು ಹೆಚ್ಚಾಯಿತು. ಆ ಅರ್ಧ ಪುಟವನ್ನು ಪೂರ್ತಿ ಮಾಡಿದ್ದರೆ ಏನು ಕಳೆದುಕೊಳ್ಳುತ್ತಿದ್ದಿರಿ?

ನಿನ್ನೆ ನಡೆದದ್ದನ್ನು ಹೇಳುತ್ತೇನೆ. ಸಂತೋಷಪಡಿ.

ಉದ್ದನೆಯ ಮೇಜು. ಮೂವರು. ನಡುವೆ ಬಿಳಿ ಕೂದಲಿನ ಹೆಂಗಸು, ಅವರೇ ಅಧ್ಯಕ್ಷೆ. ಓಯುನಾ ಗೋಡೆಯ ಕಡೆ ಕೂತಿದ್ದಳು, ಆರು ವಾರಗಳಿಂದ ನನ್ನ ಜೊತೆ ಮಾತಿಲ್ಲ. ನಿಮ್ಮ ಲಕೋಟೆ ನನ್ನ ಕೈಯಲ್ಲಿತ್ತು. ನಿಮ್ಮ ಕಾಗದವನ್ನು ಕೋಣೆಯಲ್ಲೇ ಬಿಟ್ಟು, ನನ್ನವೆರಡನ್ನು ಮಾತ್ರ ಅದರಲ್ಲಿಟ್ಟು ಒಯ್ದಿದ್ದೆ. ಏಕೆ ಎಂದು ಕೇಳಿ, ಅದನ್ನೂ ಹೇಳುತ್ತೇನೆ. ಸಕಲೇಶಪುರದ ಮುದ್ರೆ ಇತ್ತು, ಒಳಗೆ ಕನ್ನಡ ಇತ್ತು. ಊರಿನ ಪತ್ರ ಎಂದು ತೋರಿಸಲು ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದೆ.

ಅಧ್ಯಕ್ಷೆ ಕೇಳಿದರು, "ಊರಿನಿಂದ ಪತ್ರ ಬರುತ್ತದೆ ಎಂದಿದ್ದಿರಿ. ಬಂತೇ?"

"ಬಂತು."

"ನಮ್ಮಲ್ಲಿ ಈ ಭಾಷೆ ಬಲ್ಲವರು ಸಿಗಲಿಲ್ಲ. ನೀವೇ ಓದಿ ಇಂಗ್ಲಿಷಿನಲ್ಲಿ ಹೇಳಿ. ನಾವು ನಂಬುತ್ತೇವೆ."

ನಂಬುತ್ತೇವೆ ಎಂದರು! ಆ ಕಟ್ಟಡದಲ್ಲಿ, ಆ ಊರಿನಲ್ಲಿ, ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ. ಹೇಳಬೇಕಾದ ಸುಳ್ಳನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ: "ನಾವು ಆನೇಮಹಲಿನ ಗ್ರಾಮಸ್ಥರು..." ಹಾಳೆ ಬಿಡಿಸಿ ಎದ್ದು ನಿಂತೆ. ನನ್ನ ಡಿಸೆಂಬರಿನ ಅಕ್ಷರ ಎದುರಿಗೆ. ಬಾಯಿ ತೆರೆದರೆ ಬಂದದ್ದು ಅದೇ. "ಅವಳ ಹೆಸರು ಓಯುನಾ." ಅಲ್ಲಿಂದ ಸಾಲಾಗಿ ಓದುತ್ತಾ ಹೋದೆ. ಹೆದರಿದಳು ಪಾಪ ಎಂಬುದನ್ನು ಓದಿದೆ, ಎರಡು ದಿನ ಹೇಳಿ ಒಪ್ಪಿಸಿದೆ ಎಂಬುದನ್ನು ಓದಿದೆ, ಮಹಾರಾಜ ಎಂದು ನಿಮ್ಮನ್ನು ಹಂಗಿಸಿದ್ದನ್ನೂ ಓದಿದೆ. ಆಮೇಲೆ ಅಕ್ಟೋಬರಿನದನ್ನು ಬಿಡಿಸಿ ಒಂಬತ್ತು ಸಹಿಯ ಮಾತನ್ನೂ ಓದಿದೆ.

ನಿಮ್ಮ ಉಪದೇಶ ನಾಟಿತು ಎಂದು ಎದೆ ಉಬ್ಬಿಸಬೇಡಿ. ಒಳ್ಳೆಯವಳಾಗಲು ಓದಲಿಲ್ಲ. ಹನ್ನೆರಡು ವರ್ಷ ಟಾರ್ಚು ಹಿಡಿದು ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದ ಬಾಯಿ ಇದು. ಕೈಯಲ್ಲಿ ಒಂದು ಹಿಡಿದು ಇನ್ನೊಂದು ಓದಲು ಅದಕ್ಕೆ ಬರಲಿಲ್ಲ. ಬರುತ್ತದೆ ಎಂದುಕೊಂಡಿದ್ದೆ.

ತೀರ್ಪು: ನನಗೆ ಎರಡು ಸೆಮಿಸ್ಟರ್ ಪ್ರವೇಶವಿಲ್ಲ. ಆಮೇಲೆ ಬಯಸಿದರೆ ಅರ್ಜಿ ಹಾಕಬಹುದಂತೆ, ಸಮಿತಿ ಯೋಚಿಸುತ್ತದಂತೆ. ಏಪ್ರಿಲ್ ಹತ್ತಕ್ಕೆ ಕೋಣೆ ಖಾಲಿ ಮಾಡಬೇಕು. ಓಯುನಾಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. "ಇದನ್ನೇ ಮೊದಲ ದಿನ ಹೇಳಿದ್ದರೆ ಆರು ವಾರ ನಾನು ನಿದ್ದೆ ಮಾಡುತ್ತಿದ್ದೆ" ಎಂದು ಹೇಳಿ ಹೊರಟುಹೋದಳು.

ಹನ್ನೆರಡನೇ ತಾರೀಕು ಊರಿಗೆ ಬರುತ್ತೇನೆ, ಬೇರೆ ದಾರಿ ಇಲ್ಲ. ಪುಸ್ತಕ, ಬಟ್ಟೆ, ಮಣ್ಣು ಜರಡಿ ಹಿಡಿಯುವ ಸಾಮಾನು, ಎಲ್ಲವನ್ನೂ ಎರಡು ಪೆಟ್ಟಿಗೆಗೆ ತುಂಬುತ್ತಿದ್ದೇನೆ. ಅರ್ಜಿ ಹಾಕುವುದಿಲ್ಲ. ಈ ಮುಖಗಳನ್ನು ಮತ್ತೆ ನೋಡಲಾರೆ. ನಿಮ್ಮಿಂದ ಬೇಕಾದ್ದು ಒಂದೇ. ಮಗಳು ರಜೆಗೆ ಬಂದಿದ್ದಾಳೆ ಎಂದು ಊರಿಗೆ ಹೇಳಿ. ಜೀವನವಿಡೀ ನಾಟಕ ಆಡಿದವರು, ಮಗಳಿಗಾಗಿ ಇದೊಂದು ಆಡಿ.

ಹೇಮಶ್ರೀ


ಆನೇಮಹಲ್
31 ಮಾರ್ಚ್ 2025

ಹೇಮಶ್ರೀ,

ಆ ನಾಟಕ ಆಡುವುದಿಲ್ಲ. ಆಡುವ ಹಾಗೂ ಇಲ್ಲ, ಆಗಲೇ ಹೇಳಿಬಿಟ್ಟಿದ್ದೇನೆ.

ನಿನ್ನಮ್ಮನಿಗೆ ಮೊದಲು ಹೇಳಿದೆ. ಅತ್ತಳು, ಆಮೇಲೆ ಫೆಬ್ರವರಿಯಿಂದ ಬಚ್ಚಿಟ್ಟದ್ದಕ್ಕೆ ನನ್ನನ್ನೇ ಬೈದಳು. ಎರಡು ದಿನ ಮನೆಯಲ್ಲಿ ನನಗೆ ಸಾರಿಲ್ಲ, ಬರೀ ಅನ್ನ ಮೊಸರು. ಮಾರನೇ ದಿನ ವೆಂಕಟೇಶನ ಟೀ ಅಂಗಡಿಯಲ್ಲಿ ಕೂತಿದ್ದೆ. ಅವನಾಗಿಯೇ ಕೇಳಿದ, "ಏನ್ ರಂಗಸ್ವಾಮಣ್ಣ, ಮಗ್ಳು ಬತ್ತವ್ಳಂತಲ್ಲ, ರಜ್ವಾ?"

"ರಜ ಅಲ್ಲ ಕಣೋ. ತಪ್ಪು ಮಾಡಿ ಸಿಕ್ಕಾಕ್ಕಂಡ್ಳು. ಒಪ್ಕಂಡ್ಳು. ಹೊರಕ್ ಹಾಕವ್ರೆ."

ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಒಬ್ಬ ಕೆಮ್ಮಿದ. ವೆಂಕಟೇಶ ಟೀ ಎತ್ತಿ ಎತ್ತಿ ಸೋಸಿದ. "ಎಷ್ಟ್ ದಿನುಕ್ಕೆ?"

"ಒಂದ್ ವರ್ಸ."

"ಆಮೇಲ್ ಹೋಯ್ತಾಳಲ್ಲ?"

ಅವಳನ್ನೇ ಕೇಳಬೇಕು ಎಂದು ಎದ್ದು ಬಂದೆ. ಊರಿನಲ್ಲಿ ಆಡಿಕೊಳ್ಳುತ್ತಾರೆ, ಅದರಲ್ಲಿ ಅನುಮಾನ ಬೇಡ. ನಿನ್ನ ಮುಂದೆಯೇ ಆಡಿಕೊಳ್ಳುತ್ತಾರೆ. ಕೇಳಿಕೋ.

ನಿನ್ನನ್ನು ಹೊಗಳುತ್ತೇನೆ ಎಂದು ಈ ಕಾಗದವನ್ನು ಮತ್ತೆ ಮೊದಲಿನಿಂದ ಹುಡುಕಬೇಡ. ಆರು ವಾರ ಒಬ್ಬಳನ್ನು ಸುಟ್ಟು ಕೊನೆಯ ದಿನ ನೀರು ಹಾಕಿದವಳನ್ನು ನಾನು ಹೊಗಳುವುದಿಲ್ಲ. ಆ ಹುಡುಗಿ ಮೆಟ್ಟಿಲಿಳಿದು ಹೋದದ್ದು ಸರಿಯಾಗಿಯೇ ಇದೆ.

ಆದರೆ ಒಂದು ಕೇಳು. ಇನ್ನು ಆ ಮುಖಗಳನ್ನು ನೋಡಲಾರೆ ಎಂದೆಯಲ್ಲ, ಅದು ಯಾವ ಸೀಮೆಯ ಮಾತು? ಅವರು ಬಾಗಿಲು ಹಾಕಿದ್ದು ಒಂದು ವರ್ಷಕ್ಕೆ. ಅದಕ್ಕೆ ಹೊರಗಿನಿಂದ ಅಗುಳಿ ಹಾಕುತ್ತಿರುವವಳು ನೀನು. ನೀನು ಹೋಗುವುದು ನನಗೆ ಬೇಡವಾಗಿತ್ತು, ಇವತ್ತಿಗೂ ಬೇಡ. ಆದರೂ ಹೋದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವಳಿಗೆ ನನ್ನ ಮನೆಯಲ್ಲಿ ಹಾಸಿಗೆ ಇಲ್ಲ.

ಪುಸ್ತಕ ಮತ್ತು ಜರಡಿ ಸಾಮಾನನ್ನು ಅಲ್ಲೇ ಯಾರ ಕಾಲನ್ನಾದರೂ ಹಿಡಿದು ಇಟ್ಟು ಬಾ. ಚೀಟಿ ಅಂಟಿಸಿದವಳೇ ಆದರೂ ಸರಿ. ಒಂದು ವರ್ಷಕ್ಕೆ ಬೇಕಾದ ಬಟ್ಟೆ ತಾ, ಸಾಕು. ಹನ್ನೆರಡನೇ ತಾರೀಕು ಬಸ್‌ಸ್ಟಾಪಿನಲ್ಲಿ ನಿಂತಿರುತ್ತೇನೆ. ಎರಡು ಪೆಟ್ಟಿಗೆ ಇಳಿದವೋ, ಎರಡನೆಯದನ್ನು ಅದೇ ಬಸ್ಸಿಗೆ ಹತ್ತಿಸಿಬಿಡುತ್ತೇನೆ.

ರಂಗಸ್ವಾಮಿ